ಎಡಗಾಲಿನ ಅಭ್ಯಾಸ

ಸಿರುಗುಪ್ಪ
೧೨ ನವೆಂಬರ್ ೨೦೨೪

ಹುಲಿಗೇಶನಿಗೆ,

ಅತ್ತಿಗೆಯ ಕೈಬರಹ ನೋಡಿ ಗಾಬರಿಯಾಗಬೇಡ. ನಮ್ಮೂರು ಹಚ್ಚೊಳ್ಳಿಯಲ್ಲಿ ಯಾರೂ ತೀರಿಹೋಗಿಲ್ಲ, ಯಾರೂ ಆಸ್ಪತ್ರೆಯಲ್ಲಿಲ್ಲ. ಈಗಿನ ಕಾಲದಲ್ಲಿ ಕಾಗದ ಬಂತೆಂದರೆ ಜನ ಒಡೆದು ಓದುವ ಮೊದಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ, ಅದಕ್ಕೆ ಹೇಳಿದೆ.

ಫೋನ್ ಮಾಡಬಾರದಾ ಅನ್ನುತ್ತೀಯ. ಮನೆಯಲ್ಲಿರುವುದು ಒಂದೇ ಫೋನು, ಅದರ ಊರು ನಿಮ್ಮಣ್ಣನ ಅಂಗಿಯ ಜೇಬು. ನಿನ್ನ ನಂಬರು ಅದರಲ್ಲಿ ಬ್ಲಾಕ್ ಆಗಿ ಎರಡು ವರ್ಷವಾಯಿತು. ಬ್ಲಾಕ್ ಮಾಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಕೈಲೇ ಮಾಡಿಸಿದರು. ಇರಲಿ.

ವಿಷಯ ಇಷ್ಟು. ಸಿರುಗುಪ್ಪದಲ್ಲಿ ಕುರಿ-ಮೇಕೆ ಸಾಕುವವರ ಸಂಘವಿದೆ. ಅವರಲ್ಲಿ ಮೂರು ತಿಂಗಳು ತರಬೇತಿ ಮಾಡಿದೆ. ಜಂತಿನ ಔಷಧಿ ಕುಡಿಸುವುದು, ಲಸಿಕೆ ಹಾಕುವುದು, ಗೊರಸು ನೋಡುವುದು. ಚೆನ್ನಾಗಿ ಮಾಡುತ್ತೇನಂತೆ. ಹಚ್ಚೊಳ್ಳಿ ಸುತ್ತಲಿನ ಏಳು ಊರನ್ನು ನನಗೇ ಕೊಡಲು ಸಂಘದ ಸುಮಂಗಲಾ ಮೇಡಂ ತಯಾರಿದ್ದಾರೆ. ಮದುವೆಯಾಗಿ ಹದಿನಾರು ವರ್ಷಕ್ಕೆ ನನ್ನ ಹೆಸರಿನಲ್ಲೊಂದು ಕೆಲಸ ಬರುತ್ತಿದೆ. ಷರತ್ತು ಒಂದೇ: ಫೆಬ್ರವರಿ ಮುಗಿಯುವುದರೊಳಗೆ ಸ್ವಂತ ಗಾಡಿ, ಲೈಸೆನ್ಸು ಎರಡೂ ಇರಬೇಕು. ಇಲ್ಲದಿದ್ದರೆ ಏಳೂ ಊರು ಬೇರೆಯವರಿಗೆ. ಲಸಿಕೆ ಮಂಜುಗಡ್ಡೆಯ ಡಬ್ಬಿಯಲ್ಲಿ ಹೋಗಬೇಕು. ಬಸ್ಸು ಕಾಯುತ್ತ ನಿಂತರೆ ಮೊದಲು ಮಂಜು ಕರಗುತ್ತದೆ, ಆಮೇಲೆ ನಾನು.

ನಿಮ್ಮಣ್ಣನಿಗೆ ತರಬೇತಿಯ ವಿಷಯ ಗೊತ್ತು, ಗಾಡಿಯ ವಿಷಯ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಬೈಕ್ ಎಂಬ ಮಾತೇ ಆಡುವಂತಿಲ್ಲ. ಯಾಕೆಂದು ನಿನಗೆ ಗೊತ್ತು. ಸಿರುಗುಪ್ಪದ ರಾಜ್ಯೋತ್ಸವದ ನಗೆಕೂಟದಲ್ಲಿ ತಮ್ಮ ಮಾತಾಡುತ್ತಾನೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಣ್ಣ ಬೈಕ್ ಕಲಿಯಲು ಹೋಗಿ ಕಾಲುವೆಗೆ ಇಳಿದ ಕಥೆಯನ್ನೇ ನೀನು ಹೇಳಿದೆ. ಬಿದ್ದವರು ಒಬ್ಬರು, ಬಿದ್ದು ಬಿದ್ದು ನಕ್ಕವರು ತಾಲ್ಲೂಕೆಲ್ಲ.

ಜಗಳ ನಿಮ್ಮಿಬ್ಬರದು. ನನಗೆ ಬೇಕಾದದ್ದು ಗಾಡಿ. ಯಾವುದು ತಗೊಳ್ಳಲಿ, ಹೇಗೆ ಕಲಿಯಲಿ? ಟ್ರ್ಯಾಕ್ಟರ್ ಓಡಿಸುತ್ತೇನೆ, ಗೊತ್ತಲ್ಲ. ನಾಲ್ಕು ಗಾಲಿ ಬಂದವಳಿಗೆ ಎರಡು ಗಾಲಿ ಅರ್ಧ ಸುಲಭ ಇರಬೇಕು. ಉತ್ತರ ಸಂಘದ ವಿಳಾಸಕ್ಕೆ ಬರೆ.

ನಿನ್ನ ಅತ್ತಿಗೆ
ಮೀನಾಕ್ಷಿ


ಸತ್ಯನಾರಾಯಣಪೇಟೆ, ಬಳ್ಳಾರಿ
೧೬ ನವೆಂಬರ್ ೨೦೨೪

ಅತ್ತಿಗೆಯವರಿಗೆ,

ಕಾಗದ ಬಂದಾಗ ನಾನು ನಿಜಕ್ಕೂ ಚಪ್ಪಲಿ ಮೆಟ್ಟಿಕೊಂಡೆ. ಆಮೇಲೆ ಒಡೆದು ಓದಿ ಬಿಟ್ಟೆ, ಚಪ್ಪಲಿಯನ್ನು.

ಕುರಿಗಳ ಕುರಿತು ನಿಮಗಿಷ್ಟು ತಿಳಿದಿದೆ ಎಂದು ಗೊತ್ತೇ ಇರಲಿಲ್ಲ. ಕಾಲೇಜಿನಲ್ಲಿ ನಾನೂ ಒಂದು ಹಿಂಡು ಕಾಯುತ್ತೇನೆ. ಜಂತಿನ ಔಷಧಿಯಂತೆಯೇ ಹಳಗನ್ನಡ ಕುಡಿಸುತ್ತೇನೆ. ನಿಮ್ಮವು ನುಂಗುತ್ತವೆ, ನಮ್ಮವು ಉಗುಳುತ್ತವೆ.

ಈಗ ಪಾಠ. ಮೊದಲ ಬೈಕ್ ಆರಿಸುವುದು ವರ ಆರಿಸಿದಂತೆ ಎಂದು ಜನ ಹೇಳುತ್ತಾರೆ. ತಪ್ಪು. ಬೈಕಿಗೆ ಎಕ್ಸ್‌ಚೇಂಜ್ ಇದೆ.

ಅಂಗಡಿಯವರು ಮೈಲೇಜು, ಬಣ್ಣ, ಸ್ಟಿಕರು ತೋರಿಸುತ್ತಾರೆ. ನೀವು ನೋಡಬೇಕಾದದ್ದು ನಿಮ್ಮ ಕಾಲು. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು, ಬೆರಳು ಮಾತ್ರ ಮುಟ್ಟಿದರೆ ಸಾಲದು. ಆಮೇಲೆ ತೂಕ. ಗಾಡಿ ಮಲಗಿದರೆ ನಡುದಾರಿಯಲ್ಲಿ ಒಬ್ಬರೇ ಎತ್ತಬೇಕು. ಭಾರಿ ಗಾಡಿ ಫೋಟೋಗೆ ಚಂದ, ಹೊಲದ ದಾರಿಗಲ್ಲ. ಸ್ಕೂಟರು ಸುಲಭ ನಿಜ, ಆದರೆ ಅದರ ಗಾಲಿ ಸಣ್ಣದು. ಕಾಲುವೆ ಏರಿಯ ಮೇಲೆ ಟ್ರ್ಯಾಕ್ಟರ್ ತುಳಿದ ಗುಂಡಿಯಲ್ಲಿ ಇಳಿದರೆ ಹುಡುಕಿಯೇ ತೆಗೆಯಬೇಕು. ಇನ್ನೊಂದು: ಹಚ್ಚೊಳ್ಳಿಯ ಮೆಕ್ಯಾನಿಕ್ಕನ ಅಂಗಡಿಗೆ ಹೋಗಿ ಗೋಡೆಗೆ ಯಾವ ಗಾಡಿಯ ಬಿಡಿಭಾಗ ಹೆಚ್ಚು ನೇತಾಡುತ್ತಿವೆ ನೋಡಿ. ನಮ್ಮೂರಲ್ಲಿ ರಿಪೇರಿಯಾಗದ ಗಾಡಿ ಎಷ್ಟು ಒಳ್ಳೆಯದಾದರೂ ಪರದೇಶಿ.

ಹೊಸದನ್ನು ಈಗಲೇ ಕೊಳ್ಳಬೇಡಿ. ಮೊದಲು ಬೀಳಲಿಕ್ಕೊಂದು ಗಾಡಿ ಬೇಕು. ನನ್ನ ಹಳೆಯದಿದೆ. ನಿಮ್ಮ ತವರು ಕುರುಗೋಡಿನಲ್ಲಿ ನಿಮ್ಮ ತಾಯಿ ಎಲ್ಲಮ್ಮನವರ ಅಂಗಳದಲ್ಲಿ ಬಿಟ್ಟು ಬರುತ್ತೇನೆ. ಅಮ್ಮನನ್ನು ನೋಡಲು ಹೋಗುವ ಮಗಳನ್ನು ಯಾರೂ ಅನುಮಾನಿಸುವುದಿಲ್ಲ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸು, ಮಾಡಿಸಲು ಬಳ್ಳಾರಿಗೆ ಬಂದ ದಿನ ಅದರ ಮೇಲೆ ಕೂರಿಸಿ ತೋರಿಸುತ್ತೇನೆ.

ಬಾಯಿಪಾಠ ಮಾಡಿಕೊಳ್ಳಿ: ಎಡಗೈ ಕ್ಲಚ್ಚು, ಬಲಗೈ ಆಕ್ಸಿಲರೇಟರು ಮತ್ತು ಮುಂದಿನ ಬ್ರೇಕು, ಬಲಗಾಲು ಹಿಂದಿನ ಬ್ರೇಕು, ಎಡಗಾಲು ಗೇರು. ನನ್ನ ಗಾಡಿಗೆ ಗೇರು ಐದು: ಒಂದು ಕೆಳಗೆ, ನಾಲ್ಕು ಮೇಲೆ. ಕ್ಲಚ್ಚು ಬಿಡುವಾಗ ಬಿಡುವಿರಲಿ. ಪರೀಕ್ಷೆಯಲ್ಲಿ ಎಂಟು ಹಾಕಿಸುತ್ತಾರೆ, ಕಾಲು ಊರದೆ. ಅದನ್ನೂ ಅಭ್ಯಾಸ ಮಾಡಿ.

ಅಣ್ಣ ಹೇಗಿದ್ದಾನೆ? ಇದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ.

ನಿಮ್ಮ ಮೈದುನ, ಪ್ರಭಾರಿ ಡ್ರೈವಿಂಗ್ ಮೇಷ್ಟ್ರು
ಹುಲಿಗೇಶ್


ಕುರುಗೋಡು
೯ ಡಿಸೆಂಬರ್ ೨೦೨೪

ಹುಲಿಗೇಶ,

ನಿನ್ನ ಗಾಡಿ ನಿನ್ನಂತೆಯೇ ಇದೆ. ಸದ್ದು ಜಾಸ್ತಿ, ಬೆಳಗಿನ ಹೊತ್ತು ಏಳುವುದಿಲ್ಲ.

ಗುಡ್ಡದ ಕೆಳಗಿನ ಬಯಲಿನಲ್ಲಿ ಕಲಿಯುತ್ತಿದ್ದೇನೆ. ನಾಯಿಗಳನ್ನೂ ನೋಡುಗರನ್ನೂ ಓಡಿಸಲು ಅಮ್ಮ ಕೋಲು ಹಿಡಿದು ನಿಲ್ಲುತ್ತಾಳೆ. ಮೊದಲ ದಿನ ಕ್ಲಚ್ಚು ಬಿಟ್ಟ ಕೂಡಲೇ ಗಾಡಿ ಎದೆ ಒಡೆದುಕೊಂಡಂತೆ ಒಮ್ಮೆ ಕುಪ್ಪಳಿಸಿ ನಿಂತಿತು. ಮತ್ತೆ ಹಚ್ಚಿದೆ, ಮತ್ತೆ ನಿಂತಿತು. ಅಮ್ಮ ಅಂದಳು: "ಏನವ್ವಾ, ಕುದುರಿ ಮ್ಯಾಲ ಕುಂತಂಗ ಕುಂತಿ, ಕುದುರಿ ಒಲ್ಲೆ ಅಂತೈತಲ್ಲ!" ನೀನು ಹೇಳಿದ ಬಿಡುವು ಮೂರನೇ ಭಾನುವಾರ ಕೈಗೆ ಬಂತು. ಈಗ ಮೂರನೇ ಗೇರಿನವರೆಗೆ ಹೋಗುತ್ತೇನೆ. ಆ ಗಾಳಿ ಟ್ರ್ಯಾಕ್ಟರ್ ಮೇಲೆ ಸಿಗುವುದಿಲ್ಲ ಮಾರಾಯ. ಅಲ್ಲಿ ಧೂಳು ನಮ್ಮ ಜೊತೆಗೇ ಬರುತ್ತದೆ, ಇಲ್ಲಿ ಹಿಂದೆ ಉಳಿಯುತ್ತದೆ.

ಎಂಟು ಹಾಕಲು ಹೋಗಿ ಒಂದು ದಿನ ಹಾಳಾಯಿತು. ಸುಣ್ಣದಲ್ಲಿ ದೊಡ್ಡದಾಗಿ ೮ ಬರೆದುಕೊಂಡೆ. ಗೆರೆಯ ಮೇಲೆ ಹೋದೆ. ಸುತ್ತಿದೆ, ಬಳುಕಿದೆ, ಬಾಲ ಹಿಡಿದು ನೆಟ್ಟಗೆ ಗುಡಿಯ ಕಟ್ಟೆಗೆ ಹೋಗಿ ನಿಂತೆ. ವಾಪಸು ಬರುವ ದಾರಿಯೇ ಇಲ್ಲ! ನೀರು ತುಂಬಲು ಬಂದಿದ್ದ ಹೆಣ್ಣುಮಗಳೊಬ್ಬಳು ಹೇಳಿದಳು: "ಅಕ್ಕಾ, ಅದು ಇಂಗ್ಲಿಷ್ ಎಂಟು ಹಾಕ್ಬೇಕ್ರಿ." ಕನ್ನಡ ಮೇಷ್ಟ್ರ ಶಿಷ್ಯೆಗೆ ಇದನ್ನು ಮೊದಲೇ ಹೇಳಬಾರದಿತ್ತಾ?

ನಿಮ್ಮಣ್ಣ "ನಿಮ್ಮವ್ವಗ ಅಷ್ಟು ಏನಾಗೇತಿ, ವಾರಕ್ಕೊಮ್ಮೆ ಹೊಂಟಿ?" ಎಂದು ಕೇಳಿದರು. ಮೊಣಕಾಲು ನೋವು ಅಂದೆ. ಅಮ್ಮನ ಮೊಣಕಾಲು ನನಗಿಂತ ಗಟ್ಟಿ. ಸುಳ್ಳು ಹೇಳಿದ್ದು ಬಾಯಿಗೆ ಹಿಡಿಸಲಿಲ್ಲ.

ಅವರು ಚೆನ್ನಾಗಿದ್ದಾರೆ. ನೀನು ಕೇಳಿದೆಯೆಂದು ಹೇಳಿಲ್ಲ.

ಮೀನಾಕ್ಷಿ


ಬಳ್ಳಾರಿ
೧೪ ಡಿಸೆಂಬರ್ ೨೦೨೪

ಅತ್ತಿಗೆಯವರಿಗೆ,

ಕನ್ನಡದ ೮ ಹಾಕಿ ಗುಡಿ ಮುಟ್ಟಿದವರು ನೀವೊಬ್ಬರೇ. ಆದರೆ ಸಾರಿಗೆಯವರಿಗೆ ಭಕ್ತಿ ಬೇಕಿಲ್ಲ, ಹೊರಟಲ್ಲಿಗೇ ಬರುವುದು ಬೇಕು.

ಇಷ್ಟು ಬೇಗ ಮೂರನೇ ಗೇರು ಬಂತೆಂದರೆ ನನಗೆ ಖುಷಿಗಿಂತ ಗುಮಾನಿ. ನನ್ನ ವಿದ್ಯಾರ್ಥಿಗಳು ಮೊದಲ ವಾರವೇ ಎಲ್ಲ ಅರ್ಥವಾಯಿತೆಂದು ತಲೆಯಾಡಿಸಿದರೆ ಏನೂ ಆಗಿಲ್ಲವೆಂದು ಲೆಕ್ಕ. ಖಾಲಿ ಬಯಲಿನಲ್ಲಿ ಬ್ರೇಕು ಹಾಕುವುದು ಬೇರೆ, ಏನಾದರೂ ಅಡ್ಡ ಬಂದಾಗ ಹಾಕುವುದು ಬೇರೆ. ನಿಧಾನ ಹೋಗಿ ಮೇಲಿಂದ ಮೇಲೆ ನಿಲ್ಲಿಸುವುದನ್ನೇ ಮಾಡಿ. ಹೋಗುವುದು ಗಾಡಿಗೆ ಗೊತ್ತು, ನಿಲ್ಲುವುದು ನಮಗೆ ಗೊತ್ತಿರಬೇಕು.

ಸುಳ್ಳು ಸಾಕಾದರೆ ಅಣ್ಣನಿಗೆ ಹೇಳಿಬಿಡಿ. ನನ್ನ ಹೆಸರು ತೆಗೆಯಬೇಡಿ, ಅಷ್ಟೇ. ನನ್ನ ಹೆಸರು ಬಂದರೆ ಗಾಡಿಯ ಚಕ್ರದ ಗಾಳಿಯೂ ಹೋದೀತು.

ಹುಲಿಗೇಶ್


ಸಿರುಗುಪ್ಪ
೬ ಜನವರಿ ೨೦೨೫

ಹುಲಿಗೇಶ,

ಬಿದ್ದೆ.

ಕುರುಗೋಡಿನ ಬಯಲು ದಾಟಿ ಮೊದಲ ಸಲ ರಸ್ತೆಗೆ ಹೋಗಿದ್ದೆ. ಮೇಕೆಮರಿಯೊಂದು ಅಡ್ಡ ಹಾರಿತು. ನಿಲ್ಲಿಸಬೇಕೆಂದುಕೊಂಡೆ, ಎರಡೂ ಕಾಲು ತಾವೇ ಒತ್ತಿಬಿಟ್ಟವು. ಹಿಂದಿನ ಗಾಲಿ ಜರಿದು ಗಾಡಿ ಒಂದು ಕಡೆ, ನಾನು ಒಂದು ಕಡೆ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಎಡ ಮೊಣಕಾಲು, ಅಂಗೈ ತರಚಿದವು. ನಿನ್ನ ಗಾಡಿಯ ಕನ್ನಡಿಯೂ ಒಂದು ಇಂಡಿಕೇಟರೂ ಹೋದವು. ಮರಿ ಅಲ್ಲೇ ನಿಂತು ನೋಡಿತು. ನಾನು ಲಸಿಕೆ ಹಾಕಬೇಕಾದ ಜಾತಿಯೇ ನನ್ನನ್ನು ಹೀಗೆ ನೋಡಬೇಕೆ!

ಬಸ್ಸಿನಲ್ಲಿ ಮನೆಗೆ ಬಂದೆ. ನಲ್ಲಿ ಹತ್ತಿರ ಜಾರಿದೆ ಅಂದೆ. ನಿಮ್ಮಣ್ಣ ಮೊಣಕಾಲು ನೋಡಿದರು, ಕೈ ನೋಡಿದರು, ನನ್ನ ಶೂ ಎತ್ತಿ ಎಡಗಾಲಿನ ಮೇಲೆ ಗೇರು ಉಜ್ಜಿದ ಕಪ್ಪು ಗುರುತು ನೋಡಿದರು. ಆಮೇಲೆ ಕೇಳಿದರು:

"ಎಡಗಾಲು ಒತ್ತಿದಿ, ಹೌದಿಲ್ಲೊ?"

ಯಾವ ಗಾಡಿ, ಯಾರದು, ಎಲ್ಲಿ, ಒಂದೂ ಕೇಳಲಿಲ್ಲ. ನಾನು ಹೌದಂದೆ.

"ಟ್ರ್ಯಾಕ್ಟರ್ ಹೊಡದ ಕಾಲು ಅದು. ಗಾಬರಿ ಆತಂದ್ರ ಎಡಗಾಲು ಕ್ಲಚ್ ಅಂತ ಒತ್ತತೈತಿ, ಬಲಗಾಲು ಬ್ರೇಕ್ ಅಂತ ಒತ್ತತೈತಿ. ಅದರಾಗ ಎಡಗಾಲಿಗೆ ಇರೋದು ಕ್ಲಚ್ ಅಲ್ಲ. ಗೇರ್ ಕೆಳಗ ಬೀಳತೈತಿ, ಗಾಲಿ ಹಿಡಕೊಂತೈತಿ, ಗಾಡಿ ಜರೀತೈತಿ."

ಅವರೇ ಮುಂದುವರಿಸಿದರು: "ನಾ ಇನ್ನೊಂದು ಮಾಡಿದ್ದೆ. ಟ್ರ್ಯಾಕ್ಟರ್‌ದಾಗ ಕೈಯಾಗಿನ ಆಕ್ಸಿಲೇಟರ್ ಇಟ್ಟಲ್ಲೇ ಇರತೈತಿ. ಇದ್ರಾಗ ಗಟ್ಟಿ ಹಿಡಕೊಂಡಷ್ಟೂ ತಿರುವಿಕೊಂತ ಹೊಂಟೆ. ಮುಂದ ಕಾಲವಿ ಇತ್ತು."

"ಇದನ್ನ ಅವತ್ತೇ ಹೇಳಬಾರದಿತ್ತೇನ್ರೀ?" ಅಂದೆ.

"ಯಾರಿಗೆ ಹೇಳ್ಲಿ? ಎಲ್ಲಾರು ನಗಾಕ ಹತ್ತಿದ್ರು."

ಅರಿಸಿನ ಹಚ್ಚಿದರು. ಬಟ್ಟೆ ಕಟ್ಟಿದರು. ಗಾಡಿ ನಿನ್ನದೆಂದು, ಕಾಗದ ನಡೆಯುತ್ತಿವೆಯೆಂದು ನಾನೇ ಹೇಳಿದೆ. ಅದಕ್ಕೆ ಸಿಟ್ಟು ಮಾಡಲಿಲ್ಲ. ಏಳುವಾಗ ಮಾತ್ರ ಒಂದು ಮಾತು ಹೇಳಿದರು: "ಆ ಕೆಲಸ ಬ್ಯಾಡ. ನೀ ಬೀಳೋದು, ಅದನ್ನ ಇನ್ನೊಬ್ಬರು ಮೈಕಿನಾಗ ಹೇಳೋದು, ಎರಡೂ ನನಗ ಬ್ಯಾಡ."

ಸುಮಂಗಲಾ ಮೇಡಂಗೆ ಇನ್ನೂ ತಿಳಿಸಿಲ್ಲ. ನಾಳೆ ನಾಳೆ ಅಂತ ದೂಡುತ್ತಿದ್ದೇನೆ. ಬಿಡುವಾದಾಗ ಕುರುಗೋಡಿಗೆ ಹೋಗಿ ನಿನ್ನ ಗಾಡಿ ತಗೊಂಡು ಹೋಗು.

ಮೀನಾಕ್ಷಿ


ಬಳ್ಳಾರಿ
೨೦ ಜನವರಿ ೨೦೨೫

ಅತ್ತಿಗೆಯವರಿಗೆ,

ಉತ್ತರ ತಡವಾಯಿತು. ಬಲಗೈ ಬೆರಳಿಗೆ ಪಟ್ಟಿ ಕಟ್ಟಿತ್ತು. ಕಾರಣ ಕೆಳಗಿದೆ.

ನಿಮ್ಮ ಕಾಗದ ಓದಿ ನನಗೊಂದು ಚಟ ಹತ್ತಿತು: ಕೂತಲ್ಲಿ ನಿಂತಲ್ಲಿ ನನ್ನ ಎಡಗಾಲನ್ನೇ ನೋಡುವುದು. ನಮ್ಮ ಕಾಲೇಜಿನ ಗವಿಸಿದ್ದಪ್ಪ ಸಂಗನಕಲ್ಲಿನವರು, ಇತಿಹಾಸ ಹೇಳುತ್ತಾರೆ. ಮನೆಯಲ್ಲಿ ಟ್ರ್ಯಾಕ್ಟರಿದೆ. ಒಮ್ಮೆ ಕೂರಿಸಿ ಎಂದು ಬೆನ್ನು ಹತ್ತಿದೆ. "ನಿಮಗ್ಯಾಕ್ರಿ ಸರ್ ಇದು?" ಅಂದರು. ಸಂಶೋಧನೆ ಅಂದೆ. ಇತಿಹಾಸದವರಿಗೆ ಈ ಮಾತು ಹೇಳಿದರೆ ಬೇಡ ಅನ್ನುವುದಿಲ್ಲ.

ಭಾನುವಾರ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹತ್ತಿಸಿದರು. ಎಡಗಾಲು ಕ್ಲಚ್ಚು, ಬಲಗಾಲು ಬ್ರೇಕು, ಎಲ್ಲ ಹೇಳಿಕೊಟ್ಟರು. ಒಪ್ಪಿಸಿದೆ. ಹತ್ತು ವರ್ಷ ಬೈಕು ಓಡಿಸಿದವನಿಗೆ ಇದೇನು ಮಹಾ ಎಂದುಕೊಂಡು ಹೊರಟೆ. ಚೆನ್ನಾಗಿಯೇ ಹೊರಟೆ. ಎದುರಿಗೆ ಕುಳ್ಳಿನ ಬಣವೆ, ಒಣ ಬೆರಣಿಯ ಗುಡ್ಡ, ಬಂತು. ಅದು ಬರಲಿಲ್ಲ, ನಾನೇ ಹೋದೆ. ನಿಲ್ಲಿಸಬೇಕು. ಆಗ ನಾನು ಮಾಡಿದ್ದೇನು ಗೊತ್ತೇ? ಸ್ಟಿಯರಿಂಗನ್ನು ಎಡಗೈಯಿಂದ ಹಿಚುಕಿದೆ. ಬಲಗೈಯಿಂದಲೂ ಹಿಚುಕಿದೆ. ಹಾಲು ಕರೆದ ಹಾಗೆ ಹಿಚುಕಿದೆ. ಎರಡೂ ಕಾಲು ಅತಿಥಿಗಳ ಹಾಗೆ ಸುಮ್ಮನೆ ಕೂತಿದ್ದವು.

ಗವಿಸಿದ್ದಪ್ಪ ಹಿಂದಿನಿಂದ ಕೂಗುತ್ತಿದ್ದರು: "ಕಾಲು ಸರ್, ಕಾಲು! ಕೈಯಾಗ ಏನೈತ್ರಿ?" ನಾನು ಇನ್ನೂ ಗಟ್ಟಿಯಾಗಿ ಹಿಚುಕಿದೆ. ಬಣವೆ ನನ್ನ ಮೇಲೆ ಬಿದ್ದಿತು. ಟ್ರ್ಯಾಕ್ಟರು ಅದರಲ್ಲಿ ಸಿಕ್ಕಿಕೊಂಡು ತಾನೇ ನಿಂತಿತು. ಹೊರಬರುವಾಗ ಬೆರಳಿನ ಚರ್ಮ ಕಿತ್ತಿತು. ಅವರ ತಾಯಿ ಬಂದು ನನ್ನನ್ನು ನೋಡಿ, ಮಗನನ್ನು ನೋಡಿ ಕೇಳಿದರು: "ಇವರು ಸಾಲಿ ಕಲಿಸೋರೇನಪ್ಪಾ?" ಒಡೆದ ಕುಳ್ಳನ್ನೆಲ್ಲ ಸಂಜೆಯವರೆಗೆ ಕೂತು ಮತ್ತೆ ತಟ್ಟಿಕೊಟ್ಟೆ. ಅವರ ಪ್ರಕಾರ ದುಂಡಗೆ ಬಂದಿಲ್ಲ.

ಗವಿಸಿದ್ದಪ್ಪ ತೆಗೆದ ಫೋಟೋ ಕಾಗದದ ಜೊತೆಗೆ ಇಟ್ಟಿದ್ದೇನೆ. ತಲೆಯ ಮೇಲಿರುವುದು ಟೋಪಿಯಲ್ಲ.

ಈ ಕಾಗದವನ್ನು ನೀವೊಬ್ಬರೇ ಓದಬೇಕೆಂದೇನಿಲ್ಲ. ಮೈಕಿನಲ್ಲಿ ಓದಿದರೂ ನನ್ನ ಅಡ್ಡಿಯಿಲ್ಲ. ನನ್ನ ಗಾಡಿ ಕುರುಗೋಡಿನಲ್ಲೇ ಇರಲಿ. ಸುಮಂಗಲಾ ಮೇಡಂಗೆ ಹೇಳುವುದನ್ನು ಇನ್ನೂ ನಾಲ್ಕು ನಾಳೆ ದೂಡಿ.

ಹುಲಿಗೇಶ್


ಸಿರುಗುಪ್ಪ
೧೦ ಫೆಬ್ರವರಿ ೨೦೨೫

ಹುಲಿಗೇಶ,

ಓದಿ ಹೇಳಿದೆ. ನಿಮ್ಮಣ್ಣ ಗದ್ದೆ ಕಲಸಲು ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಕಟ್ಟುತ್ತಿದ್ದರು. ಕೈ ನಿಲ್ಲಿಸಲಿಲ್ಲ, ನಗಲಿಲ್ಲ. ಮುಗಿದ ಮೇಲೆ "ಆ ಕೈ ಹಿಚುಕಿದ್ದು ಇನ್ನೊಮ್ಮಿ ಓದು" ಅಂದರು. ಓದಿದೆ. ಸ್ಪ್ಯಾನರ್ ಕೆಳಗಿಟ್ಟು ಹಿತ್ತಲಿಗೆ ಹೋದರು. ಅಲ್ಲಿಂದ ಒಂದು ಸದ್ದು ಬಂತು. ಕೆಮ್ಮೋ ಇನ್ನೇನೋ, ನಾನು ಹೋಗಿ ನೋಡಲಿಲ್ಲ. ವಾಪಸು ಬಂದು, "ಅವನಿಗೆ ಯಾರರ ಟ್ರ್ಯಾಕ್ಟರ್ ಕೊಡತಾರೇನ? ಆ ಗವಿಸಿದ್ದಪ್ಪಗ ಬುದ್ಧಿ ಇಲ್ಲ" ಅಂದರು. ಫೋಟೋ ನನಗೆ ವಾಪಸು ಸಿಕ್ಕಿಲ್ಲ.

ಮೂರನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತರು. "ನಡಿ, ಸಿರುಗುಪ್ಪಕ್ಕ ಹೋಗೂಣು. ಕೆಲಸ ನಿಂದು, ಬಿದ್ದಿದ್ದೂ ನೀನೇ. ನಾ ಯಾರು ಬ್ಯಾಡ ಅನ್ನಾಕ? ಗಾಡಿ ಮಾತ್ರ ನಾ ನೋಡ್ತೀನಿ."

ಶೋರೂಮಿನಲ್ಲಿ ನಡೆದದ್ದನ್ನು ನೀನು ನೋಡಬೇಕಿತ್ತು. ಅಂಗಡಿಯವನು ಮೈಲೇಜು ಹೇಳುತ್ತಾನೆ, ಇವರು "ಅದಿರ್ಲಿ, ಎಡಗಾಲು ಒತ್ತಿದ್ರ ಏನಾಕ್ಕೈತಿ?" ಅನ್ನುತ್ತಾರೆ.

"ಸರ್, ಅದು ಗೇರು."

"ಗೇರಂತ ಗೊತ್ತೈತಿ. ಗಾಬರಿಯಾಗಿ ಒತ್ತಿದ್ರ?"

"ಗಾಬರಿ ಯಾಕಾಕ್ಕೀರಿ ಸರ್? ಗಾಡಿ ಭಾಳ ಸ್ಮೂತ್ ಐತಿ."

"ನಿನಗಿನ್ನೂ ಮ್ಯಾಕಿ ಅಡ್ಡ ಬಂದಿಲ್ಲ."

ಒಂದೊಂದು ಗಾಡಿಯ ಮೇಲೂ ಕೂತರು. ಎಡಗಾಲು ಒತ್ತಿದರು. ಇಳಿದರು. ನಾಲ್ಕನೆಯದೋ ಐದನೆಯದೋ ಗಾಡಿಯಿಂದ ಇಳಿಯಲೇ ಇಲ್ಲ. ನೂರು ಸಿಸಿ, ನಾಲ್ಕೇ ಗೇರು, ನಾಲ್ಕೂ ಕೆಳಗೇ. ಮುಂದೆ ಒತ್ತಿದರೆ ಗೇರು ಏರುತ್ತದೆ, ಇಳಿಸಬೇಕಾದರೆ ಹಿಮ್ಮಡಿಯಿಂದ ಒತ್ತಬೇಕು. ಮರೆತು ಎಡಗಾಲು ಒತ್ತಿದರೂ ಗಾಲಿ ಹಿಡಿದುಕೊಳ್ಳುವುದಿಲ್ಲ. ಎಂಜಿನ್ನು ಒಂದಿಷ್ಟು ಗೊಣಗುತ್ತದೆ, ಅಷ್ಟೇ. "ಇದು ನಮ್ಮ ಕಾಲಿನ ಗಾಡಿ" ಅಂದರು. ನೀನು ಹೇಳಿದ್ದೂ ಬಂತು: ನನ್ನ ಎರಡೂ ಪಾದ ಊರುತ್ತವೆ, ಮಲಗಿಸಿ ಒಬ್ಬಳೇ ಎತ್ತಿ ನೋಡಿದೆ. ಅಂಗಡಿಯವನಿಗೆ ನೀರು ಬಂದಿತ್ತು, ಕಣ್ಣಿಗೆ. ಬಣ್ಣ ಮಾತ್ರ ನಾನು ಆರಿಸಿದೆ. ಕೆಂಪು. ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಿದರೆ ತಾಯಿಯ ಪಕ್ಕ ಕರು ನಿಂತಂತೆ ಕಾಣುತ್ತದೆ.

ಗಾಡಿ ಸರಿಯಾದರೆ ಸಾಲದು, ಕೈ ಸರಿಯಾಗಬೇಕಂತೆ. ಅದಕ್ಕೆ ಅವರೇ ಒಂದು ಪಾಠ ಕಂಡುಹಿಡಿದಿದ್ದಾರೆ. ಗಾಡಿಯನ್ನು ಸ್ಟ್ಯಾಂಡ್ ಹಾಕಿ ನನ್ನನ್ನು ಕೂರಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಏನೇನೋ ಮಾತಾಡುತ್ತಾರೆ. ನಡುವೆ ಒಮ್ಮೆಲೇ "ಮ್ಯಾಕಿ!" ಎಂದು ಕೂಗುತ್ತಾರೆ. ಎರಡೂ ಕೈ ಹಿಚುಕಬೇಕು, ಬಲಗಾಲು ಒತ್ತಬೇಕು, ಎಡಗಾಲು ಸುಮ್ಮನಿರಬೇಕು. ಎಡಗಾಲು ಅಲುಗಿದರೆ ಮೊದಲಿನಿಂದ. ಈಗ ಹೊತ್ತುಗೊತ್ತಿಲ್ಲ. ಮೊನ್ನೆ ರೊಟ್ಟಿ ಬಡಿಯುತ್ತಿದ್ದೆ, ಹೊರಗಿನಿಂದ "ಮ್ಯಾಕಿ!" ಅಂದರು. ಹಿಟ್ಟು ಬೆರಳ ಸಂದಿಯಿಂದ ಹೊರಬಂತು. ಪಕ್ಕದ ಮನೆಯವರು ನಮ್ಮ ಹೊಲಕ್ಕೆ ಮೇಕೆ ನುಗ್ಗುತ್ತಿವೆ ಎಂದು ದಿನಾ ಓಡಿಬರುತ್ತಾರೆ.

ನಿನ್ನೆ ನಮ್ಮೂರ ದಾರಿಯಲ್ಲಿ ನಿಜವಾಗಿಯೇ ಒಂದು ಎಮ್ಮೆ ಅಡ್ಡ ಬಂತು. ಕೈ ಹಿಚುಕಿತು, ಗಾಡಿ ನಿಂತಿತು. ಎಡಗಾಲು ಇದ್ದಲ್ಲೇ ಇತ್ತು. ಕೆಳಗಿಳಿದು ಆ ಕಾಲನ್ನು ನಾನೇ ಒಮ್ಮೆ ಮುಟ್ಟಿ ನೋಡಿಕೊಂಡೆ.

ಪರೀಕ್ಷೆ ಇಪ್ಪತ್ತನೇ ತಾರೀಕು, ಬಳ್ಳಾರಿಯಲ್ಲಿ. ನಿಮ್ಮಣ್ಣನೂ ಬರುತ್ತಾರೆ. ನೀನು ಬರುವುದು ಬೇಡ. ಇಬ್ಬರನ್ನೂ ಒಂದೇ ಕಡೆ ನೋಡಿದರೆ ನನ್ನ ಎಂಟು ಕೆಡುತ್ತದೆ.

ಮೀನಾಕ್ಷಿ


ಹಚ್ಚೊಳ್ಳಿ
೯ ಮಾರ್ಚ್ ೨೦೨೫

ಹುಲುಗ್ಯಾಗ ಅಣ್ಣ ಜಂಬುನಾಥ ಬರೆಯೋದು.

ನಿಮ್ಮತ್ತಿಗಿಗೆ ಪುರುಸೊತ್ತಿಲ್ಲ, ಅದಕ್ಕ ನಾ ಬರೀತೀನಿ. ನನಗ ನಿನ್ನಂಗ ಬರಿಯಾಕ ಬರೂದಿಲ್ಲ. ಮಾತಾಡಿದಂಗ ಬರೀತೀನಿ, ಹಂಗೇ ಓದಿಕೋ.

ಪರೀಕ್ಷಿ ಪಾಸಾತು. ಎಂಟು ಹಾಕುವಾಗ ಒಮ್ಮಿನೂ ಕಾಲು ಊರಲಿಲ್ಲ. ನಾ ಗೇಟಿನ ಹೊರಗ ನಿಂತಿದ್ದೆ. ಕೂಗಬೇಕು ಅನ್ನಿಸಿತ್ತು, ಕೂಗಲಿಲ್ಲ. ತಿಂಗಳು ಮುಗಿಯೋದ್ರಾಗ ಸುಮಂಗಲಾ ಮೇಡಂ ಏಳೂ ಊರು ಬರಕೊಟ್ಟರು. ಈಗ ಮುಂಜಾನೆ ಮಂಜಿನ ಡಬ್ಬಿ ಕಟ್ಟಿಕೊಂಡು ಹೊಕ್ಕಾಳ, ಮಧ್ಯಾಹ್ನ ಬರ್ತಾಳ. ಊರಾಗ ಯಾರೂ ನಗೂದಿಲ್ಲ. ಕುರಿ ಇದ್ದ ಮನಿಯವರು ನಕ್ಕರ ಆಕಿ ಕೈಯಾಗ ಸೂಜಿ ಇರತೈತಿ.

ನಿನ್ನ ಹಳೇ ಗಾಡಿಗೆ ಕನ್ನಡಿ, ಇಂಡಿಕೇಟರ್ ಹಾಕಿಸೀನಿ. ಕುರುಗೋಡಿಗೆ ಹೋದಾಗ ತಗೊಂಡು ಹೋಗು. ಐದು ಗೇರಿನ ಗಾಡಿ ಇಟ್ಟುಕೊಂಡು ಇನ್ನೊಮ್ಮಿ ಟ್ರ್ಯಾಕ್ಟರ್ ಹತ್ತಬ್ಯಾಡ.

ಮಧ್ಯಾಹ್ನ ಮ್ಯಾಲ ಕೆಂಪು ಗಾಡಿ ಅಂಗಳದಾಗ ಖಾಲಿ ನಿಂತಿರತೈತಿ. ನಾ ಅದರ ಮ್ಯಾಲ ಕುಂತ್ರ, ನಿಮ್ಮತ್ತಿಗಿ ಎದುರಿಗೆ ಕುರ್ಚಿ ಹಾಕಿಕೊಂಡು ಕುಂದರ್ತಾಳ. ಆಕಿ ದನಿ ನನ್ನಕಿಂತ ದೊಡ್ಡದು. ಹೋದ ವಾರ ನನ್ನ ಎಲ್‌ಎಲ್ ಬಂತು.

ಎಲ್ ಬೋರ್ಡ್ ಇದ್ದಾಗ ಹಿಂದ ಲೈಸೆನ್ಸ್ ಇದ್ದು ಕಲಿಸೋರು ಮಾತ್ರ ಕುಂದ್ರಬಹುದಂತ. ನಿನಗ ಲೈಸೆನ್ಸ್ ಐತಿ, ಮೇಷ್ಟ್ರು ಅದೀ. ನಡೀತೈತಿ.

ಬರೋ ಶನಿವಾರ ಸಿರುಗುಪ್ಪದ ತನಕ ಬಸ್ಸಿಗೆ ಬಾ. ಅಲ್ಲಿಂದ ಹಚ್ಚೊಳ್ಳಿ ಬಸ್ ಕಾಯಬ್ಯಾಡ, ನಾ ಬರ್ತೀನಿ. ಹೆಲ್ಮೆಟ್ ನಿಂದು ನೀನೇ ತಾ. ಮನ್ಯಾಗ ಎರಡದಾವ, ಎರಡೂ ನಮ್ಮವು.

ಜಂಬುನಾಥ